ಗದಿಗೆವ್ವನ ಮರಿಗಳು, ಕಳಕವ್ವನ ಮರಿಗಳು

ಗದಿಗೆವ್ವನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ತಕ್ಕಡಿಯ ಮುಂದೆ.

ಮಲ್ಲಸಮುದ್ರದ ಕಡೆಯ ಓಣಿಯಲ್ಲಿ ಓಣಿಯ ಹಿರಿಯ ಪುಂಡಲೀಕಪ್ಪನ ಮನೆಯ ಮುಂದಿನ ಬೇವಿನ ಮರಕ್ಕೆ ತಕ್ಕಡಿ ತೂಗುಹಾಕಿ, ದನದ ದವಾಖಾನೆಯವರು ಹಂದಿಮರಿಗಳನ್ನು ಗೋಣಿಚೀಲದಲ್ಲಿ ಕೂರಿಸಿ ತೂಗುತ್ತಿದ್ದರು. ಒಂದೂವರೆ ತಿಂಗಳ ಹಿಂದೆ ಮನೆಗೆ ಐದರಂತೆ ಹಂಚಿದ ಬಿಳಿ ತಳಿಯ ಮರಿಗಳು ಅವು. ಗದಿಗೆವ್ವನ ಐದು ಮರಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಒಂಬತ್ತು ಕಿಲೋ ತೂಗಿತು. ಅವಳ ನೆಗೆಣ್ಣಿ, ಮೈದುನನ ಹೆಂಡತಿ ಕಳಕವ್ವನ ಮರಿಗಳಲ್ಲಿ ಎಲ್ಲಕ್ಕಿಂತ ಸಣ್ಣದೇ ಹದಿಮೂರು ತೂಗಿತು.

"ಕಳಕವ್ವ, ಏನ ಮದ್ದ ಹಾಕಿದೆವಾ ಇವಕ್ಕ?" ಎಂದು ಪುಂಡಲೀಕಪ್ಪ ನಕ್ಕ. ಓಣಿಯ ಹೆಂಗಸರು ನಕ್ಕರು. ಗದಿಗೆವ್ವನೂ ನಕ್ಕಳು. ನಗುವಾಗ ದವಡೆ ನೋಯುತ್ತದೆ ಎಂಬುದು ಅವಳಿಗೆ ಅಂದೇ ಗೊತ್ತಾದದ್ದು.

ಅವಳು ಮೊದಲಿನಿಂದ ಇಂಥವಳಾಗಿರಲಿಲ್ಲ. ಬೆಳ್ಳಟ್ಟಿಯಲ್ಲಿ ಹುಟ್ಟಿ, ಹದಿನಾರಕ್ಕೆ ಹನಮಪ್ಪನ ಕೈಹಿಡಿದು ಮಲ್ಲಸಮುದ್ರಕ್ಕೆ ಬಂದವಳು. ಗಂಡನ ಮನೆಯವರು ತಲೆತಲಾಂತರದಿಂದ ಹಂದಿ ಸಾಕುವವರು. ಹನಮಪ್ಪ ಬೆಟಗೇರಿಯ ಖಾನಾವಳಿಗಳಿಂದ ಉಳಿದ ಅನ್ನ ಸಾರನ್ನು ಸೈಕಲ್ ಮೇಲೆ ಡಬ್ಬಿಗಟ್ಟಲೆ ತರುತ್ತಿದ್ದ. ಹಂದಿಗಳು ಹಗಲೆಲ್ಲ ಬೀದಿ ಸುತ್ತಿ ಸಂಜೆ ತಾವಾಗಿಯೇ ಮನೆ ಸೇರುತ್ತಿದ್ದವು. ಮೈದುನ ಲಾರಿಯ ಅಡಿಗೆ ಸಿಕ್ಕು ಸತ್ತಾಗ ಅವನ ಹೆಂಡತಿ ಕಳಕವ್ವನಿಗೆ ಇಪ್ಪತ್ತಾರು ವರ್ಷ, ಮಕ್ಕಳಿಲ್ಲ. ಆಕೆಯನ್ನು ತವರಿಗೆ ಕಳಿಸೋಣವೆಂದು ಹಿರಿಯರು ಕೂತು ಮಾತಾಡುತ್ತಿದ್ದಾಗ ಗದಿಗೆವ್ವ ಎದ್ದು ನಿಂತು, "ಆಕಿ ಎಲ್ಲಿಗೂ ಹೋಗಂಗಿಲ್ರಿ. ನನ್ನ ರೊಟ್ಟ್ಯಾಗ ಅರ್ಧ ಆಕೀದು," ಎಂದಿದ್ದಳು. ಒಂದು ವರ್ಷ ತನ್ನ ಒಲೆಯ ಮುಂದೆಯೇ ಕೂರಿಸಿಕೊಂಡು ಬಡಿಸಿದಳು. "ನೆಗೆಣ್ಣಿ ಅಂದ್ರ ಗದಿಗೆವ್ವನಂಗಿರಬೇಕು" ಎಂದು ಓಣಿ ಮಾತಾಡಿತು. ಆ ಮಾತು ಅವಳಿಗೆ ಕೊರಳಿನ ಸರಕ್ಕಿಂತ ಹೆಚ್ಚಾಗಿತ್ತು.

ಆಮೇಲೆ ಕಾಲ ತಿರುಗಿತು. ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಊರಿಗೆ ಕಚೇರಿಗಳು ಬಂದವು, ಸಾಹೇಬರು ಬಂದರು, ಅವರ ಹಿಂದೆ ಹೊಸ ಮರ್ಯಾದೆಯೂ ಬಂತು. ಬೀದಿ ಸುತ್ತುವ ಹಂದಿಗಳಿಗೆ ಮಾತ್ರ ಕೇಡುಗಾಲ ಬಂತು. ಸಾಕಬೇಕೆಂದರೆ ದೊಡ್ಡಿಯೊಳಗೆ ಕಟ್ಟಿಯೇ ಸಾಕಬೇಕು ಎಂದಾಯಿತು. ಜಿಲ್ಲೆಯಾಗಿ ಮೂರು ವರ್ಷ ಕಳೆದ ಮೇಲೆ ಬಿಳಿ ಮರಿಗಳು ಹಂಚಿಕೆಯಾದಾಗ ಕಳಕವ್ವನೂ ಅರ್ಜಿ ಕೊಟ್ಟು, ಹಿತ್ತಿಲ ಗೋಡೆಗೆ ಹೊಂದಿಸಿ ತನ್ನದೇ ದೊಡ್ಡಿ ಕಟ್ಟಿಕೊಂಡಳು. ಗದಗ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಿಂದ ಮುಸುರೆಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಡೆದೇ ಬರುತ್ತಿದ್ದಳು. ಗದಿಗೆವ್ವನಿಗೆ ಅಯ್ಯೋ ಅನ್ನಿಸುತ್ತಿತ್ತು. ಅಯ್ಯೋ ಅನ್ನಿಸುವವರೆಗೂ ಎಲ್ಲವೂ ಚೆನ್ನಾಗಿತ್ತು.

ತಕ್ಕಡಿ ಕಟ್ಟಿದ ಮರುದಿನವೇ ಗದಿಗೆವ್ವ ಲಕ್ಷ್ಮೇಶ್ವರದ ಬಸ್ಸು ಹತ್ತಿದಳು. ಅಲ್ಲಿ ದಾದಾಪೀರನ ಎಣ್ಣೆ ಗಾಣವಿತ್ತು. ಅವನು ಶೇಂಗಾ ಹಿಂಡಿ ಮಾರುತ್ತಿದ್ದ, ಸೋಯಾ ಕಾಳೂ ಇಟ್ಟಿದ್ದ.

"ದಾದಾಪೀರಣ್ಣ, ಮರಿ ಜಲ್ದಿ ದಪ್ಪ ಆಗಬೇಕು. ಎಲ್ಲಾರಕಿಂತ ಕಸುವಿಂದು ಏನೈತಿ ಹೇಳ."

"ಕಸುವು ಅಂದ್ರ ಸೋಯಾ, ತಂಗಿ. ಆದ್ರ ಹಸೀದು ಕೊಡಬ್ಯಾಡ. ಹುರದರ ಕೊಡಬೇಕು, ಕುದಿಸ್ಯಾರ ಕೊಡಬೇಕು ಅಂತ ಒಯ್ಯೋ ಮಂದಿ ಹೇಳ್ತಾರ."

ಮಾತಿನ ಮೊದಲರ್ಧ ಗದಿಗೆವ್ವನ ಕಿವಿಗೆ ಬಿತ್ತು. ಉಳಿದರ್ಧ ಬೀಳುವಷ್ಟು ಜಾಗ ಅಂದು ಅವಳೊಳಗೆ ಇರಲಿಲ್ಲ. ಕುದಿಸುತ್ತ ಕೂತರೆ ಕಟ್ಟಿಗೆ ಖರ್ಚು, ಹೊತ್ತು ಖರ್ಚು. ಹಿಟ್ಟಿನ ಗಿರಣಿಯಲ್ಲಿ ಕಾಳು ಬೀಸಿಸಿ ಹಸಿ ಹಿಟ್ಟನ್ನೇ ಬೊಗಸೆಗಟ್ಟಲೆ ಅಂಬಲಿಗೆ ಸುರಿದು, ಮೇವಿನ ತೊಟ್ಟಿಯಾದ ಕಲ್ಲಿನ ಮರಿಗೆಯ ತುಂಬ ಹಾಕಿದಳು. ಮರಿಗಳು ತಿಂದವು. ಮೂರನೇ ದಿನಕ್ಕೆ ಹಳದಿಯಾಗಿ ಉಚ್ಚಿಕೊಳ್ಳತೊಡಗಿದವು. ಎರಡು ವಾರದಲ್ಲಿ ಪಕ್ಕೆಲುಬು ಕಂಡವು. ದೊಡ್ಡಿಗೆ ಕಾಲಿಟ್ಟರೆ ಕಣ್ಣಲ್ಲಿ ನೀರು ಬರುವಂಥ ಖಾರ ನಾತ. ಪಕ್ಕದ ಕಳಕವ್ವನ ದೊಡ್ಡಿಯಲ್ಲಿ ಅಂಥ ನಾತವೇ ಇರಲಿಲ್ಲ.

ಮೆಣಸಿನಕಾಯಿ, ಉಪ್ಪು ನೀವಾಳಿಸಿ ಒಲೆಗೆ ಹಾಕಿದ್ದಾಯಿತು. ದೊಡ್ಡಿಯ ಬಾಗಿಲಿಗೆ ಹಳೆಯ ಚಪ್ಪಲಿ ಕಟ್ಟಿದ್ದಾಯಿತು. ಕಡೆಗೆ ಒಂದು ಮುಂಜಾನೆ ಹಿತ್ತಿಲ ಗೋಡೆಯ ಪಕ್ಕ ಕಲ್ಲು ಪೇರಿಸಿ, ಅದರ ಮೇಲೆ ನಿಂತು ಇಣುಕಿದಳು. ಕಳಕವ್ವ ಹೋಟೆಲಿನ ಮುಸುರೆಯನ್ನೂ ಜೋಳದ ನುಚ್ಚನ್ನೂ ಒಂದು ಹಿಡಿ ಸೋಯಾ ಕಾಳನ್ನೂ ದೊಡ್ಡ ಗಡಿಗೆಯಲ್ಲಿ ಕೊತಕೊತ ಕುದಿಸುತ್ತಿದ್ದಳು. ಆರಿಸಿ, ಸ್ವಲ್ಪ ಸ್ವಲ್ಪವೇ ದಿನಕ್ಕೆ ಐದು ಸಲ ಹಾಕುತ್ತಿದ್ದಳು. ಗದಿಗೆವ್ವನಿಗೆ ಇದರಲ್ಲಿ ಏನೂ ಕಾಣಲಿಲ್ಲ. ಕಾಣಲಿಲ್ಲವಾದ್ದರಿಂದಲೇ, ಕಾಣದಂಥದ್ದು ಇನ್ನೇನೋ ಇದೆ ಎಂದು ಖಚಿತವಾಯಿತು.

"ನಿನ್ನ ತಮ್ಮನ ಹೇಣತಿ ಏನೋ ಮಾಡಾಕತ್ತಾಳ," ಎಂದು ಗಂಡನ ಮುಂದೆ ಹೇಳಿದಳು.

"ಏನ ಮಾಡಾಕತ್ತಾಳ? ಕೆಲಸ ಮಾಡಾಕತ್ತಾಳ," ಎಂದ ಹನಮಪ್ಪ, ಬೀಡಿ ಹೊತ್ತಿಸುತ್ತ. ಆ ಮಾತಿಗೆ ಅವಳು ಎರಡು ದಿನ ಅವನಿಗೆ ಸರಿಯಾಗಿ ಬಡಿಸಲಿಲ್ಲ.

ಅದೇ ಹೊತ್ತಿಗೆ ಊರಿಗೆ ಶೃತಿ ಬಂದಳು. ಪಶುವೈದ್ಯ ಓದಿ, ಇನ್ನೂ ಹೆಚ್ಚಿನ ಓದಿಗಾಗಿ ಹಂದಿಮರಿಗಳ ಮೇವಿನ ಮೇಲೆ ಅಧ್ಯಯನ ಮಾಡುತ್ತಿದ್ದವಳು. ಮುಂಡರಗಿ ಕಡೆಯ ಹುಡುಗಿಯಾದ್ದರಿಂದ ಓಣಿಯ ಮಾತು ಅವಳಿಗೆ ಮನೆಯ ಮಾತೇ ಆಗಿತ್ತು. ಪುಂಡಲೀಕಪ್ಪನ ಖಾಲಿ ಗೋದಾಮನ್ನು ಹಿಡಿದು, ಒಳಗೆ ಆರು ಕಬ್ಬಿಣದ ಪಂಜರ ಇಡಿಸಿದಳು. ಪಂಜರದ ತಳ ಜಾಳಿಗೆ. ಅದರ ಕೆಳಗೆ ಇಳಿಜಾರಾದ ತಗಡಿನ ತಟ್ಟೆ. ಮಲ ತಟ್ಟೆಯ ಮೇಲೆ ನಿಲ್ಲುತ್ತಿತ್ತು, ಉಚ್ಚೆ ಹರಿದು ಕೆಳಗಿನ ಕ್ಯಾನಿಗೆ ಇಳಿಯುತ್ತಿತ್ತು. ಉಚ್ಚೆಯ ಸಾರ ವಾಸನೆಯಾಗಿ ಹಾರಿ ಹೋಗುವುದನ್ನು ತಡೆಯಲು ಆ ಕ್ಯಾನಿನಲ್ಲಿ ಮೊದಲೇ ಒಂದಿಷ್ಟು ಆಸಿಡ್ ಹಾಕಿಟ್ಟಿರುತ್ತಿದ್ದಳು.

"ಸಣ್ಣ ಮರಿ ತಿಂದ ಮೇವಿನ್ಯಾಗ ಸಾರಜನಕ ಇರತೈತಿ," ಎಂದು ಅವಳು ಹೆಂಗಸರಿಗೆ ತಿಳಿಸಿ ಹೇಳಿದಳು. "ಅದರಾಗ ಹೇಲಿನ ಜತಿ ಎಷ್ಟ ಹೋಗತೈತಿ, ಉಚ್ಚಿ ಜತಿ ಎಷ್ಟ ಹೋಗತೈತಿ, ತೂಗಿ ನೋಡೋದು. ಅವೆರಡೂ ತಗದ ಮ್ಯಾಲ ಉಳದದ್ದು ಮರಿ ಮೈಗೆ ಹತ್ತಿದ್ದು."

ಹೆಂಗಸರು ಮೂಗು ಮುಚ್ಚಿಕೊಂಡು ನಕ್ಕರು. ಮುಂಡರಗಿ ಕಡೆಯ ಕಲಿತ ಹುಡುಗಿ ಹಂದಿಯ ಹೇಲು ತೂಗಲು ಬಂದಿದ್ದಾಳೆಂದು ಊರು ಒಂದು ವಾರ ನಕ್ಕಿತು. ಗದಿಗೆವ್ವ ನಗಲಿಲ್ಲ. ಸಾರಜನಕ ಎಂದರೆ ಸಾರ ಇರಬೇಕು, ಯಾರ ಮರಿಯ ತಟ್ಟೆಗೆ ಹೆಚ್ಚು ಬೀಳುತ್ತದೋ ಅವರು ಸೋತಂತೆ ಎಂದು ಲೆಕ್ಕ ಹಾಕಿಕೊಂಡಳು. ಶೃತಿ ಕಳಕವ್ವನ ಮೂರು ಮರಿ ಆರಿಸಿದಳು. ಗದಿಗೆವ್ವ ತಾನಾಗಿಯೇ ಹೋಗಿ, "ನನ್ನ ಮರೀನೂ ತಗೋರಿ ಬಾಯಾರ," ಎಂದು ಕೈ ಹಿಡಿದಳು. ಬಡಕಲು ಮರಿಗಳೂ ಇರಲಿ, ಕರುಳು ಕೆಟ್ಟ ಮರಿಗೂ ಗಟ್ಟಿ ಮರಿಗೂ ಇರುವ ಅಂತರ ತಿಳಿಯುತ್ತದೆ ಎಂದು ಶೃತಿ ಒಪ್ಪಿದಳು. ಮುಂಜಾನೆ ಕಳಕವ್ವ ಕಾಯುವುದು, ಮಧ್ಯಾಹ್ನ ಗದಿಗೆವ್ವ ಕಾಯುವುದು ಎಂದಾಯಿತು.

ಮೊದಲ ಐದು ದಿನ ಆರಕ್ಕೂ ತೂಗಿ ಕೊಟ್ಟದ್ದು ಒಂದೇ ಮೇವು. ಎರಡನೇ ದಿನವೇ ಗದಿಗೆವ್ವನಿಗೆ ಕಣ್ಣಿಗೆ ಹೊಡೆದಂತಾಯಿತು. ಕಳಕವ್ವನ ಮರಿಗಳ ತಟ್ಟೆಯಲ್ಲಿ ನಾಲ್ಕು ಗಟ್ಟಿ ಉಂಡೆ. ತನ್ನ ಮರಿಗಳ ತಟ್ಟೆಯ ತುಂಬ ರೊಜ್ಜು. ದಿನದಿನದ ಮಲವನ್ನು ಶೃತಿ ಅಗಲ ಬಾಯಿಯ ಬಾಟಲಿಗಳಲ್ಲಿ ತುಂಬಿ, ಒಂದರಿಂದ ಆರರವರೆಗೆ ಅಂಕಿ ಬರೆದ ಚೀಟಿ ಅಂಟಿಸುತ್ತಿದ್ದಳು. ಮೊದಲ ಮೂರು ಕಳಕವ್ವನವು, ಉಳಿದ ಮೂರು ತನ್ನವು. ತನ್ನವೇ ಯಾವಾಗಲೂ ಭಾರ.

ಶೃತಿ ಮಧ್ಯಾಹ್ನ ಊಟಕ್ಕೆಂದು ಗದಗಕ್ಕೆ ಹೋಗುತ್ತಿದ್ದಳು. ಮೂರನೇ ದಿನ ಆ ಹೊತ್ತಿನಲ್ಲಿ ಗದಿಗೆವ್ವ ಗೋದಾಮಿನ ಬಾಗಿಲು ಮುಂದಕ್ಕೆ ಎಳೆದಳು. ಹಳೆಯ ಸೌಟಿನಿಂದ ನಾಲ್ಕು, ಐದು, ಆರರ ಬಾಟಲಿಗಳಿಂದ ತೆಗೆದು ಒಂದು, ಎರಡು, ಮೂರಕ್ಕೆ ಹಾಕಿದಳು. ಮುಚ್ಚಳ ತಿರುಗಿಸುವಾಗ ಕೈ ನಡುಗಲಿಲ್ಲ. ಅದನ್ನೇ ಅವಳು ಆಮೇಲೆ ಬಹಳ ದಿನ ನೆನೆದಳು: ಕೈ ನಡುಗಲೇ ಇಲ್ಲ. ಮರುದಿನವೂ ಮಾಡಿದಳು. ಅದರ ಮರುದಿನವೂ.

ಹತ್ತು ದಿನಕ್ಕೆ ಪ್ರಯೋಗಶಾಲೆಯಿಂದ ಕಾಗದ ಬಂತು. ಶೃತಿ ಅದನ್ನು ಹಿಡಿದು ಗೋದಾಮಿನ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಇದು ಆಗದ ಮಾತು," ಎಂದಳು. "ಕಳಕವ್ವನ ಮರಿಗೋಳು ತಿಂದ ಸಾರಜನಕಕ್ಕಿಂತ ಹೊರಗ ಹಾಕಿದ್ದು ಹೆಚ್ಚೈತಿ. ಹಂಗಾದ್ರ ತೂಕ ಇಳೀಬೇಕಿತ್ತು. ಇವು ನೋಡಿದ್ರ ಒಂದೊಂದು ಕಿಲೋ ಏರ್ಯಾವು. ನಾ ತೂಗಿ ಕೊಟ್ಟಿದ್ದ ಬಿಟ್ಟು ಯಾರೋ ಬ್ಯಾರೆ ತಿನಸಿರಬೇಕು."

ಗದಿಗೆವ್ವ ಕಸಬರಿಗೆ ಹಿಡಿದು ನಿಂತಿದ್ದಳು. ಏನೂ ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಹೊಟ್ಟೆಯೊಳಗಿದ್ದದ್ದು ನಾಲಿಗೆಗೆ ಬಂತು. "ನಾ ಹೇಳಬಾರದು ಬಾಯಾರ. ಆಕಿ ಮುಂಜಾನಿ ಬರೋವಾಗ ಸೆರಗಿನ್ಯಾಗ ಏನೋ ಕಟಗೊಂಡು ಬಂದಿರ್ತಾಳ."

ಆ ಸಂಜೆ ಬೇವಿನ ಮರದ ಕೆಳಗೆ ಓಣಿ ನೆರೆಯಿತು. ಶೃತಿ ಮೆತ್ತಗೆ ಕೇಳಿದಳು. ಪುಂಡಲೀಕಪ್ಪ ಮೆತ್ತಗೆ ಕೇಳುವವನಲ್ಲ. "ನಂಬಿ ಕೆಲಸ ಕೊಟ್ರ ಕದ್ದು ತಿನಸ್ತಿಯೇನು? ಊರ ಮಾನ ಕಳದೆಲ್ಲ!" ಎಂದು ಗುಡುಗಿದ. ಕಳಕವ್ವ ಒಮ್ಮೆ, "ನಾ ತಿನಸಿಲ್ರಿ," ಎಂದಳು. ಮತ್ತೊಮ್ಮೆ ಹೇಳಲಿಲ್ಲ. ಗುಂಪಿನಲ್ಲಿದ್ದ ಗದಿಗೆವ್ವನನ್ನು ನೋಡಿದಳು, ನೆಲ ನೋಡಿದಳು, ತನ್ನ ಮೂರು ಮರಿಗಳಿಗೆ ಹಗ್ಗ ಹಾಕಿ ಹೊಡೆದುಕೊಂಡು ಮನೆಗೆ ಹೋದಳು.

ಗದಿಗೆವ್ವ ಅಂದು ಹೊಟ್ಟೆ ತುಂಬ ಉಂಡಳು. ಮರುದಿನವೂ ಹಗುರವಾಗಿದ್ದಳು. ಮೂರನೇ ದಿನ ಕಳಕವ್ವ ಮುಸುರೆಯ ಬುಟ್ಟಿ ಹೊತ್ತು ಬಾಗಿಲ ಮುಂದೆ ಹಾದುಹೋದಳು. ಯಾವತ್ತೂ "ಯಕ್ಕಾ, ಏನಾರ ತರೋದೈತೇನ?" ಎಂದು ಕೂಗಿ ಹೋಗುವವಳು ಅಂದು ಕೂಗಲಿಲ್ಲ. ಹನಮಪ್ಪ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ. ಅವಳು ಎದ್ದು ನೀರು ತರಲು ಹೋದಳು, ಕೊಡ ತುಂಬಿಯೇ ಇದ್ದರೂ.

ಉಳಿದ ಮೂರು ಮರಿಗಳೊಂದಿಗೆ ಶೃತಿ ಕೆಲಸ ಮುಂದುವರಿಸಿದಳು. ಈ ಸಲ ಕೆಲವು ದಿನ ಅವಕ್ಕೆ ಕಾಳಿಲ್ಲ, ಹಿಂಡಿಯಿಲ್ಲ. ಸಾಬೂದಾಣಿ ಹಿಟ್ಟು, ಸಕ್ಕರೆ, ಒಂದು ಚಮಚ ಎಣ್ಣೆ, ಅಷ್ಟೇ. "ಇದರಾಗ ಸಾರಜನಕ ಇಲ್ಲವೇ ಇಲ್ಲ ಅನ್ನಬೇಕು," ಎಂದಿದ್ದಳು. ಆದರೂ ಕಾಗದ ಬಂದಾಗ ಮಲದಲ್ಲಿ ಸಾರಜನಕ ಇತ್ತು.

"ತಿಂದೇ ಇಲ್ಲದ್ದು ಹೊರಗ ಹ್ಯಾಂಗ ಬಂತ್ರಿ?" ಗದಿಗೆವ್ವ ಕೇಳಿದಳು. ಈ ಪ್ರಶ್ನೆಯಲ್ಲಿ ಯಾವ ಲೆಕ್ಕಾಚಾರವೂ ಇರಲಿಲ್ಲ.

"ಅದು ಮೇವಿಂದಲ್ಲ ಗದಿಗೆವ್ವ, ಮರೀದು. ತಿಂದದ್ದು ಕರಗಸಾಕ ಕರುಳು ರಸ ಬಿಡತೈತಿ, ಒಳಗಿನ ಪೊರಿ ಸವದು ಉದರತೈತಿ. ಅದರಾಗ ಒಂದಿಷ್ಟು ವಾಪಸ್ ಹೀರಕೊಂಡು ಉಳದದ್ದು ಹೊರಗ ಹೋಗತೈತಿ. ಎಲ್ಲಾ ಮರೀಗೂ ಇದು ಇದ್ದದ್ದ. ಆದ್ರ ಹಸಿ ಸೋಯಾ ಹಾಕಿದ್ರ ಕಷ್ಟ. ಅದರಾಗಿಂದೊಂದು ಅಂಶ ಆ ರಸಾನ ಕಟ್ಟಿ ಹಾಕತೈತಿ. ಮರಿ ಮತ್ತ ರಸ ಮಾಡತೈತಿ, ಮತ್ತ ಮಾಡತೈತಿ, ತನ್ನ ಮೈಯಿಂದಾನ ತಗದು ಮಾಡತೈತಿ. ಕಲ್ಲಿನ ಮರಿಗಿ ತುಂಬ ಮೇವಿದ್ರೂ ಮರಿ ಸೊರಗತೈತಿ. ಕುದಿಸಿಬಿಟ್ರ ಆ ಅಂಶ ಸಾಯತೈತಿ."

ಗದಿಗೆವ್ವ ಪಂಜರದ ಕಡೆ ನೋಡಿದಳು. ನಾಲ್ಕನೆಯ ಮರಿ ಜಾಳಿಗೆಗೆ ಮೂತಿ ಒತ್ತಿ ಅವಳ ಕೈ ನೆಕ್ಕಲು ಬಂತು. ಮಾಟವಿರಲಿಲ್ಲ, ದೃಷ್ಟಿಯಿರಲಿಲ್ಲ. ಕಾಣದಂಥದ್ದು ಕಳಕವ್ವನ ಮನೆಯಲ್ಲಿ ಏನೂ ಇರಲಿಲ್ಲ. ಗಡಿಗೆ ಕುದಿಯುವುದನ್ನು ತಾನು ಕಲ್ಲಿನ ಮೇಲೆ ನಿಂತು ಕಣ್ಣಾರೆ ಕಂಡಿದ್ದಳು.

ಶೃತಿ ಹಳೆಯ ಕಾಗದವನ್ನೂ ಹರವಿಕೊಂಡು ಗೊಣಗುತ್ತಿದ್ದಳು. "ಇದೊಂದು ತಿಳಿವಲ್ದು. ಅವತ್ತು ನಿನ್ನ ಮರಿ ಭಾಳ ಸಾರಜನಕ ಮೈಗೆ ಹಚಗೊಂಡಾವು ಅಂತ ಐತಿ. ಆದ್ರ ತೂಕ ಏರಿಲ್ಲ. ಕಳಕವ್ವನವು ಕಳಕೊಂಡಾವು ಅಂತ ಐತಿ, ತೂಕ ಏರ್ಯಾವು. ಎರಡೂ ಕೂಡಿಸಿದ್ರ..." ಅವಳ ಪೆನ್ಸಿಲ್ ನಿಂತಿತು. "ಕೂಡಿಸಿದ್ರ ಬರೋಬ್ಬರಿ ಬರತೈತಿ."

"ಬಾಯಾರ," ಎಂದಳು ಗದಿಗೆವ್ವ. "ನನ್ನ ಮರಿ ಬಾಟ್ಲಿಯಾಗಿಂದು ಆಕಿ ಮರಿ ಬಾಟ್ಲಿಗೆ ನಾನ ಹಾಕೀನಿ. ಮೂರು ದಿನ. ಆಕಿ ಸೆರಗಿನ್ಯಾಗ ಏನೂ ಇರಲಿಲ್ಲ."

ಶೃತಿ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿದಳು. ಆಮೇಲೆ ಅವಳ ದನಿ ಒಡೆಯಿತು. "ನನ್ನ ಎರಡು ತಿಂಗಳ ದುಡಿಮಿ ಹಾಳಾತು, ಅದು ಹೋಗಲಿ. ನಾ ಒಬ್ಬಾಕಿ ಬಡವಿನ್ನ ಊರ ಮುಂದ ಕಳ್ಳಿ ಮಾಡಿದೆ. ನಿನ್ನ ಮಾತ ಕೇಳಿ ಮಾಡಿದೆ." ಎದ್ದು ಹೊರಗೆ ಹೋದವಳು ನೇರ ಕಳಕವ್ವನ ಮನೆಗೆ ಹೋಗಿ ಕೈಮುಗಿದಳು.

ಕಳಕವ್ವ ಶೃತಿಯನ್ನು ಕೂರಿಸಿ ಚಹಾ ಕೊಟ್ಟಳಂತೆ. ಮರಿಗಳನ್ನು ಮತ್ತೆ ಕೊಡಲೂ ಒಪ್ಪಿದಳು. ಒಂದೇ ಮಾತು ಇಟ್ಟಳು: "ನನ್ನ ಎಲ್ಲಿ ಕಳ್ಳಿ ಅಂದ್ರೋ ಅಲ್ಲೇ ಅಲ್ಲ ಅನ್ನಬೇಕು. ಯಾರು ಮಾಡ್ಯಾರೋ ಅವರ ಅನ್ನಬೇಕು."

ಗದಿಗೆವ್ವ ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಮೂರನೇ ದಿನ ಹನಮಪ್ಪ, "ನಾ ಬರಲೇನ ಜತಿಗೆ?" ಎಂದ. "ಬ್ಯಾಡ," ಎಂದಳು. ಹೊತ್ತು ಮುಳುಗುವ ಮುಂಚೆ ಬೇವಿನ ಮರದ ಕಟ್ಟೆಯ ಮುಂದೆ, ಪುಂಡಲೀಕಪ್ಪನೂ ಓಣಿಯ ಹೆಂಗಸರೂ ಕೇಳುವಂತೆ ಹೇಳಿದಳು. "ಕಳಕವ್ವ ಏನೂ ಮಾಡಿಲ್ಲ. ಆಕಿ ಮರಿ ಚೊಲೋ ಆದದ್ದು ನನಗ ತಡಕೊಳ್ಳಾಕ ಆಗಲಿಲ್ಲ. ನಾ ಮಾಡೀನಿ." ಇನ್ನೂ ಏನೋ ಹೇಳಬೇಕೆಂದು ಮನೆಯಲ್ಲಿ ಜೋಡಿಸಿಕೊಂಡಿದ್ದಳು. ಅದು ಬರಲಿಲ್ಲ. ಯಾರೋ "ಎಂಥಾ ನೆಗೆಣ್ಣಿ ಅಂದಕೊಂಡಿದ್ವಿ," ಎಂದದ್ದು ಬೆನ್ನಿಗೆ ಕೇಳಿಸಿತು.

ಮನೆಯತ್ತ ತಿರುಗಿದಾಗ ಕಳಕವ್ವ ಜತೆಗೆ ನಡೆದು ಬಂದಳು. ಎರಡು ಮನೆಗಳ ನಡುವಿನ ಸಂದಿಯಲ್ಲಿ ನಿಂತಳು.

"ಯಕ್ಕಾ, ನಿನಗೊಂದು ಹೇಳ್ತೀನಿ," ಎಂದಳು ಕಳಕವ್ವ. "ಆ ಒಂದು ವರ್ಷ ನೀ ನನಗ ರೊಟ್ಟಿ ಹಾಕಿದೆಲ್ಲ, ಒಂದೊಂದು ತುತ್ತಿಗೂ ನನ್ನ ಹೊಟ್ಟಿ ಉರೀತಿತ್ತು. ಭಾವ ಹೊರಗಿಂದ ಬಂದು ನಿನ್ನ ಹೆಸರ ಹಿಡದು ಕರದ್ರ ಸಾಕು, ನಾ ಒಲಿ ಕಡೆ ಮುಖ ಹೊಳ್ಳಸ್ತಿದ್ದೆ. ನನ್ನ ಗಂಡ ಸತ್ತ, ಆಕಿ ಗಂಡ ಅದಾನ ಅಂತ. ದಿನಾ ಅನಸ್ತಿತ್ತು."

ಗದಿಗೆವ್ವ ಬೆರಗಾಗಿ ನಿಂತಳು. ತನ್ನ ರೊಟ್ಟಿಯ ಮುಂದೆ ಕೂತ ಹೆಣ್ಣಿನ ಹೊಟ್ಟೆಯಲ್ಲಿ ಹಸಿವೆಯ ಹೊರತು ಬೇರೇನಾದರೂ ಇದ್ದೀತೆಂದು ಅವಳಿಗೆ ಎಂದೂ ಹೊಳೆದಿರಲಿಲ್ಲ.

"ಆದ್ರ ನಾ ನಿನ್ನ ಗಡಿಗ್ಯಾಗ ಕೈ ಹಾಕಲಿಲ್ಲ," ಎಂದು ಕಳಕವ್ವ ಒಳಗೆ ಹೋಗಿ ತನ್ನ ಬಾಗಿಲು ಎಳೆದುಕೊಂಡಳು.

ಅದಾಗಿ ಆರು ತಿಂಗಳು ಅವರಿಬ್ಬರ ನಡುವೆ ಬೇಕಾದಷ್ಟೇ ಮಾತು. ಶೃತಿ ಕೆಲಸವನ್ನು ಮೊದಲಿನಿಂದ ಮಾಡಿ ಮುಗಿಸಿ ಹೋದಳು. ಗದಿಗೆವ್ವ ಸೋಯಾ ಕುದಿಸಲು ಕಲಿತಳು, ಕಡಿಮೆ ಹಾಕಲು ಕಲಿತಳು. ದೊಡ್ಡಿಯ ಖಾರ ನಾತ ಹೋಯಿತು. ನಾಲ್ಕು ಮರಿಗಳು ಮೈ ತುಂಬಿಕೊಂಡವು. ಐದನೆಯದು ಕೊನೆಯವರೆಗೂ ಗಿಡ್ಡಾಗಿಯೇ ಉಳಿಯಿತು. ಅದನ್ನು ಮಾರಲು ಅವಳಿಗೆ ಮನಸ್ಸಾಗಲಿಲ್ಲ.

ಕಳಕವ್ವನ ಹೆಸರು ಬೆಳೆಯಿತು. ಶಿರಹಟ್ಟಿಯಿಂದ, ಮುಂಡರಗಿಯಿಂದ ಹೆಂಗಸರು ಅವಳ ದೊಡ್ಡಿ ನೋಡಲು ಬರತೊಡಗಿದರು. ಅವರು ದಾರಿ ಕೇಳುವುದು ಹೆಚ್ಚಾಗಿ ಗದಿಗೆವ್ವನ ಬಾಗಿಲಲ್ಲೇ. "ಆ ಮನಿ," ಎಂದು ಬೆರಳು ತೋರಿಸುವಾಗ ಪ್ರತಿ ಸಲವೂ ಒಳಗೆ ಚುರ್ರೆನ್ನುತ್ತಿತ್ತು. ಅದು ಹೋಗಲಿಲ್ಲ. ಹೋಗುತ್ತದೆಂದು ಅವಳು ಕಾಯುವುದನ್ನೂ ಬಿಟ್ಟಳು.

ಮುಂದಿನ ವರ್ಷ ತವರಿಗೆಂದು ಬೆಳ್ಳಟ್ಟಿಗೆ ಹೋದಾಗ ಅಣ್ಣನ ಹೆಂಡತಿ ಕೇಳಿದಳು: "ನಮ್ಮೂರಾಗೂ ಬಿಳಿ ಮರಿ ಕೊಟ್ಟಾರವಾ. ಹಾಕಿದ್ದೆಲ್ಲಾ ಉಚಗೊಂಡು ಸಾಯಾಕತ್ತಾವು. ನೀನ ಎರಡು ದಿನ ನಿಂತು ಹೇಳಿಕೊಡ."

ತವರಿನ ಓಣಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು. ಹಸಿ ಸೋಯಾದ ಸಂಗತಿ, ರಸದ ಸಂಗತಿ, ಕರುಳಿನ ಪೊರೆಯ ಸಂಗತಿ ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. ಇಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಹೇಳಿದ್ದರೆ ಅವಳೇ ಜಾಣೆ.

"ನನಗಿಂತ ಚೊಲೋ ಬಲ್ಲಾಕಿ ಒಬ್ಬಾಕಿ ಅದಾಳ," ಎಂದಳು ಗದಿಗೆವ್ವ. "ನನ್ನ ನೆಗೆಣ್ಣಿ. ಆಕಿನ್ನ ಕರಕೊಂಡು ಬರ್ತೀನಿ."

ಮುಂದಿನ ಸೋಮವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟರು. ಕಳಕವ್ವ ಕಿಟಕಿಯ ಪಕ್ಕ ಕೂತಳು. ಮಾಗಡಿ ಕೆರೆ ಬಂದಾಗ ನೀರಿನ ತುಂಬ ಎಲ್ಲಿಂದಲೋ ಬಂದ ಬಾತುಗಳು ಕೂತಿದ್ದವು. "ಇಕಾ ನೋಡ ಯಕ್ಕಾ, ಎಷ್ಟ ಅದಾವು!" ಎಂದು ಕಳಕವ್ವ ಹಿಂದಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಗದಿಗೆವ್ವ ಅವಳ ಮಡಿಲ ಮೇಲೆ ಬಾಗಿ ಹೊರಗೆ ನೋಡಿದಳು.